ಸೀದ ಅಂಚಿನ ಸಿಹಿ ಮಾಂಸ: ಏರ್ ಫ್ರೈಯರ್‌ನಾಗ ಹಾಂಗ್‌ಕಾಂಗ್ ಭಟ್ಟಿ

ಮಾತು ಕೇಳದ ಮಗನಿಗೆ ನಮ್ಮ ಕಡೆಯ ತಾಯಂದಿರು ಬಯ್ಯುವ ಮಾತೊಂದಿದೆ. ‘ನಿನ್ನ ಹಡಿಯೋದರ ಬದ್ಲಿ ಒಂದು ಕಲ್ಲರ ಹಡದಿದ್ರ ಅರಿವಿ ಒಗ್ಯಾಕ ಬರ್ತಿತ್ತು!’ ಸೊಲ್ಲಾಪುರದಿಂದ ಸುಮಾರು 4 ಸಾವಿರ ಕಿ.ಮೀ. ದೂರದ ಹಾಂಗ್‌ಕಾಂಗ್‌ನಲ್ಲೂ ತಾಯಂದಿರು ಹೆಚ್ಚುಕಡಿಮೆ ಇದೇ ಮಾತು ಆಡುತ್ತಾರೆ. ಅಲ್ಲಿ ಕಲ್ಲಿನ ಜಾಗಕ್ಕೆ ಮಾಂಸದ ತುಂಡು ಬರುತ್ತದೆ, ಅಷ್ಟೇ ವ್ಯತ್ಯಾಸ. ‘ನಿನ್ನ ಹೆರೋದಕಿಂತ ಒಂದು ತುಂಡು ಚಾ ಸಿಯು ಹೆತ್ತಿದ್ರ ಚಲೋ ಇತ್ತು’ ಎನ್ನುವುದು ಕ್ಯಾಂಟೋನೀಸ್ ಮಾತಿನಲ್ಲಿ ಮನೆಮನೆಯ ಬೈಗುಳ. ಅದನ್ನಾದರೂ ಊಟಕ್ಕೆ ಬಡಿಸಬಹುದಿತ್ತು ಎಂಬುದು ಅದರ ಒಳಾರ್ಥ.

ಬೈಗುಳದಲ್ಲೂ ಜಾಗ ಹಿಡಿದಿರುವ ಈ ಚಾ ಸಿಯು ಅಂದರೆ ಹಂದಿ ಮಾಂಸವನ್ನು ಸಿಹಿ-ಉಪ್ಪು ಮಸಾಲೆಯಲ್ಲಿ ನೆನೆಸಿ, ಭಟ್ಟಿಯಲ್ಲಿ ತೂಗುಹಾಕಿ, ಮೇಲೆ ಸಿಹಿ ಪಾಕ ಸವರಿ ಸುಟ್ಟ ತಿನಿಸು. ಹೋಟೆಲ್ ಬೋರ್ಡುಗಳ ಮೇಲೆ ‘ಚಾರ್ ಸಿಯು’ ಎಂದು ಬರೆದಿರುತ್ತದೆ. ಮೂಲ ಉಚ್ಚಾರದಲ್ಲಿ ‘ರ್’ ಇಲ್ಲ. ‘ಚಾ’ ಎಂದರೆ ಕವಲುಗೋಲು, ‘ಸಿಯು’ ಎಂದರೆ ಸುಡುವುದು. ಹಿಂದೆ ಮಾಂಸದ ಪಟ್ಟಿಗಳನ್ನು ಉದ್ದನೆಯ ಕವಲಿನ ಸಲಾಕೆಗೆ ಚುಚ್ಚಿ ಬೆಂಕಿಯ ಮೇಲೆ ಹಿಡಿಯುತ್ತಿದ್ದರು. ಹೆಸರು ಉಳಿಯಿತು, ಕವಲುಗೋಲು ಹೋಗಿ ಕೊಕ್ಕೆ ಬಂತು.

ಈಗ ಆ ಕೊಕ್ಕೆಯೂ ಬೇಡ, ಭಟ್ಟಿಯೂ ಬೇಡ ಎನ್ನುವ ಕಾಲ. ಮದುವೆಗೆ ಉಡುಗೊರೆಯಾಗಿ ಬಂದು ಅಡುಗೆ ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತ ಕುಳಿತ ಏರ್ ಫ್ರೈಯರ್ ಇದ್ದರೆ ಸಾಕು. ಅರ್ಧ ತಾಸಿನಲ್ಲಿ ಚಾ ಸಿಯು ಸಿದ್ಧ. ಆದರೆ ಮಾಡುವ ಮುಂಚೆ ತಿಳಿಯಬೇಕಾದ ಸಂಗತಿ ಒಂದೆರಡಿವೆ. ಅದರಲ್ಲೊಂದು ರುಚಿಗೆ ಸಂಬಂಧಿಸಿದ್ದಲ್ಲ, ತಲೆಗೆ ಸಂಬಂಧಿಸಿದ್ದು.

ಗಾಜಿನ ಹಿಂದೆ ಕೆಂಪು ತೋರಣ

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯ, ಹಾಂಗ್‌ಕಾಂಗ್ ಮತ್ತು ಮಕಾವ್‌ನಲ್ಲಿ ಈ ಬಗೆಯ ಸುಟ್ಟ ಮಾಂಸಕ್ಕೆ ಒಟ್ಟಾಗಿ ‘ಸಿಯು ಮೇ’ ಎನ್ನುತ್ತಾರೆ. ಬಾತುಕೋಳಿ, ಹೆಬ್ಬಾತು, ಗರಿಗರಿ ಚರ್ಮದ ಹಂದಿ, ಅದರ ಪಕ್ಕದಲ್ಲಿ ಚಾ ಸಿಯು. ಅಂಗಡಿಯ ಮುಂದಿನ ಗಾಜಿನ ಹಿಂದೆ ಕೊಕ್ಕೆಗೆ ತೂಗುಹಾಕಿದ ಈ ಮಾಂಸವೇ ಅಂಗಡಿಯ ಬೋರ್ಡು. ದಪ್ಪ ಕಟ್ಟಿಗೆಯ ಕೊರಡಿನ ಮೇಲೆ ಅಗಲ ಕತ್ತಿಯಿಂದ ಟಕಟಕ ಕೊಚ್ಚಿ, ಬಿಸಿ ಅನ್ನದ ಮೇಲೆ ಹಾಸಿ, ಒಂದಿಷ್ಟು ಸೊಪ್ಪು, ಮೇಲೆ ರಸ. ಕೂಲಿಯವನಿಂದ ಹಿಡಿದು ಆಫೀಸಿನ ಸಾಹೇಬರ ತನಕ ಮಧ್ಯಾಹ್ನದ ಊಟ ಇದೇ. ಶ್ರೀಮಂತರ ತಿನಿಸಲ್ಲ ಎಂಬುದೇ ಇದರ ದೊಡ್ಡಸ್ತಿಕೆ. ನಮ್ಮಲ್ಲಿ ಖಾನಾವಳಿಗೆ ಹೋಗಿ ‘ಎರಡು ಭಾಕ್ರಿ, ಶೇಂಗಾ ಚಟ್ನಿ, ಝುಣಕ’ ಅಂದಂಗ.

ಗಿರಾಕಿಗಳಿಗೂ ಅಲ್ಲೊಂದು ಭಾಷೆ ಇದೆ. ‘ಬುನ್ ಫೇ ಸೌ’ ಎಂದರೆ ಅರ್ಧ ಕೊಬ್ಬು ಅರ್ಧ ಮಾಂಸ ಇರುವ ತುಂಡು ಕೊಡು ಎಂದರ್ಥ. ‘ನುಂಗ್ ಬಿನ್’ ಎಂದರೆ ಸೀದು ಕಪ್ಪಾದ ಅಂಚು. ಈ ಸೀದ ಅಂಚಿಗೆ ಬೇಡಿಕೆ ಜಾಸ್ತಿ. ಸಿಹಿ ಪಾಕ ಬೆಂಕಿಗೆ ಸಿಕ್ಕು ತುದಿಯಲ್ಲಿ ಕಹಿಯಾದಾಗಲೇ ಚಾ ಸಿಯು ಪೂರ್ಣವಾಗುತ್ತದೆ. ಬರೀ ಸಿಹಿಯಾದರೆ ಮಿಠಾಯಿ ಅಂಗಡಿಗೆ ಹೋಗಬಹುದಲ್ಲ!

ವಿಶೇಷವೆಂದರೆ ಅಲ್ಲಿನವರು ಇದನ್ನು ಮನೆಯಲ್ಲಿ ಮಾಡುವುದು ಕಡಿಮೆ. ಕಾರಣ ರುಚಿಯಲ್ಲ, ಜಾಗ. 2016ರಲ್ಲಿ ಹಾಂಗ್‌ಕಾಂಗ್ ನಡೆಸಿದ ಮಧ್ಯಂತರ ಜನಗಣತಿಯ ಪ್ರಕಾರ ಅಲ್ಲಿ ಒಬ್ಬರಿಗೆ ಸಿಗುವ ಮನೆಯ ಜಾಗದ ಮಧ್ಯಮ ಲೆಕ್ಕ 15 ಚದರ ಮೀಟರ್. ಅಂದರೆ ಹತ್ತಡಿಗೆ ಹದಿನಾರಡಿಯ ಒಂದು ಖೋಲಿ. ಇದರಲ್ಲಿ ಮಲಗಬೇಕು, ಓದಬೇಕು, ಅಡುಗೆ ಮಾಡಬೇಕು. ಓವನ್ ಇಡುವುದು ಎಲ್ಲಿ? ಹಾಗಾಗಿ ಸಂಜೆ ಮನೆಗೆ ಹೋಗುವಾಗ ಮೂಲೆಯ ಅಂಗಡಿಯಿಂದ ಒಂದಿಷ್ಟು ಮಾಂಸ ಕಟ್ಟಿಸಿಕೊಂಡು ಹೋಗುವುದು ರೂಢಿ. ಮನೆಯಲ್ಲಿ ಅನ್ನವೊಂದು ಆದರೆ ಮುಗೀತು.

ಊರು ಬಿಟ್ಟವರಿಗೆ ಮಾತ್ರ ಈ ಮೂಲೆಯ ಅಂಗಡಿ ಸಿಗಲಿಲ್ಲ. 2021ರ ಜನವರಿ 31ರಂದು ಬ್ರಿಟನ್ ಹಾಂಗ್‌ಕಾಂಗ್‌ನವರಿಗಾಗಿ ಹೊಸ ವೀಸಾ ತೆರೆಯಿತು. ಅಲ್ಲಿಂದೀಚೆಗೆ ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಲಂಡನ್, ಮ್ಯಾಂಚೆಸ್ಟರ್‌ನಲ್ಲಿ ಚೀನೀ ಪೇಟೆಗಳಿವೆ, ಸರಿ. ಸಣ್ಣ ಊರಲ್ಲಿ ಮನೆ ಮಾಡಿದವರು ಏನು ಮಾಡಬೇಕು? ಅದೇ ಹೊತ್ತಿಗೆ, 2022ರಲ್ಲಿ, ಯುರೋಪಿನಲ್ಲಿ ಗ್ಯಾಸು-ಕರೆಂಟಿನ ದರ ಗಗನಕ್ಕೇರಿ ಬ್ರಿಟನ್ನಿನ ಮನೆಗಳಲ್ಲಿ ಓವನ್ ಬಂದ್ ಆಗಿ ಏರ್ ಫ್ರೈಯರ್ ಬಂತು. ಅಂಗಡಿಯಿಂದ ತಂದು ತಿನ್ನುತ್ತಿದ್ದ ತಿನಿಸನ್ನು ಮನೆಯಲ್ಲೇ ಮಾಡುವ ಅಗತ್ಯವೂ, ಮಾಡುವ ಯಂತ್ರವೂ ಒಟ್ಟಿಗೇ ಒದಗಿದಂತಾಯ್ತು. ಊರಿಂದ ಬರುವ ಬಸ್ಸಿಗೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕೊಟ್ಟು ಕಳಿಸೆಂದು ತಾಯಿಗೆ ಫೋನ್ ಹಚ್ಚುವ ಪುಣೆ, ಮುಂಬೈ ವಾಸಿಗಳಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಕರಿಯುವುದಿಲ್ಲ, ಬೀಸುತ್ತದೆ

ಏರ್ ಫ್ರೈಯರ್ ಎಂಬ ಹೆಸರೇ ಅರ್ಧ ಸುಳ್ಳು. ಅದು ಏನನ್ನೂ ಕರಿಯುವುದಿಲ್ಲ. ಮೇಲೆ ಕಾಯುವ ಕಾಯಿಲ್, ಅದರ ಮೇಲೊಂದು ಫ್ಯಾನು, ಕೆಳಗೆ ತೂತಿನ ಬುಟ್ಟಿ. ಫ್ಯಾನು ಬಿಸಿಗಾಳಿಯನ್ನು ಜೋರಾಗಿ ಸುತ್ತಿಸುತ್ತದೆ, ಗಾಳಿ ಬುಟ್ಟಿಯ ತೂತಿನಿಂದ ತಿನಿಸಿನ ಕೆಳಗೂ ಹಾಯುತ್ತದೆ. ಸಣ್ಣ ಡಬ್ಬಿಯಾದ್ದರಿಂದ ಬೇಗ ಕಾಯುತ್ತದೆ. ಆಲೂಗಡ್ಡೆ ಫ್ರೈ ಎಣ್ಣೆಯಿಲ್ಲದೆ ಗರಿಗರಿಯಾಗಬೇಕೆಂದು ಹಟ ಹಿಡಿದ ಡಚ್ ಸಂಶೋಧಕ ಫ್ರೆಡ್ ವಾನ್ ಡರ್ ವೈ ಅವರ ಕೂಸು ಇದು. ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಇದನ್ನು ಜಗತ್ತಿಗೆ ತೋರಿಸಿತು.

ಹಾಂಗ್‌ಕಾಂಗ್‌ನ ಭಟ್ಟಿಯಲ್ಲಿ ಮಾಂಸವನ್ನು ತೂಗುಹಾಕುವುದೂ ಇದೇ ಕಾರಣಕ್ಕೆ. ಸುತ್ತ ಎಲ್ಲ ಬದಿಗೂ ಬಿಸಿಗಾಳಿ ತಾಗಬೇಕು, ಕೊಬ್ಬು ಕರಗಿ ಕೆಳಗೆ ಇಳಿಯಬೇಕು, ಮಾಂಸ ತನ್ನದೇ ರಸದಲ್ಲಿ ಕುದಿಯಬಾರದು. ತಟ್ಟೆಯಲ್ಲಿಟ್ಟು ಓವನ್‌ಗೆ ಹಾಕಿದರೆ ತಳ ತೊಯ್ದು ಹೋಗುತ್ತದೆ. ಬುಟ್ಟಿಯಲ್ಲಿ ಆ ತೊಂದರೆ ಇಲ್ಲ. ಹಾಗೆ ನೋಡಿದರೆ ಕರಿದ ತಿನಿಸಿಗಿಂತ ಚಾ ಸಿಯುಗೇ ಈ ಯಂತ್ರ ಹೆಚ್ಚು ಒಗ್ಗುತ್ತದೆ. ಭಜಿ ಹಿಟ್ಟು ಇದರಲ್ಲಿ ಸುರುವಿ ನೋಡಿದವರಿಗೆ ಉಳಿದದ್ದು ಗೊತ್ತೇ ಇದೆ!

ಕರೆಂಟಿನ ಮಾತೂ ಬರಲಿ. ಸಾಮಾನ್ಯ ಏರ್ ಫ್ರೈಯರ್ 1400-1700 ವ್ಯಾಟ್ ಎಳೆಯುತ್ತದೆ. 1500 ವ್ಯಾಟ್ ಎಂದು ಹಿಡಿದರೂ ಅರ್ಧ ತಾಸಿಗೆ ಮುಕ್ಕಾಲು ಯುನಿಟ್ ಮೀರದು. ಆದರೆ ಟಿ.ವಿ. ಹಚ್ಚುವ 6 ಆಂಪಿಯರ್ ಪ್ಲಗ್ಗಿಗೆ ಇದನ್ನು ಚುಚ್ಚಬೇಡಿ. ಫ್ರಿಜ್, ಗೀಸರ್‌ಗೆ ಇರುವ 16 ಆಂಪಿಯರ್ ಪಾಯಿಂಟೇ ಬೇಕು. ಮನೆಯ ಇನ್ವರ್ಟರ್ ಇದನ್ನು ತಾಳುವುದಿಲ್ಲ. ಲೋಡ್‌ಶೆಡ್ಡಿಂಗ್ ಊರಿನವರು ವೇಳಾಪಟ್ಟಿ ನೋಡಿಕೊಂಡೇ ಮಾಂಸ ಒಳಗಿಡುವುದು ಒಳ್ಳೆಯದು.

ನೆನೆಸುವುದರಲ್ಲೇ ಎಲ್ಲ ಐತಿ

600 ಗ್ರಾಂ ಮಾಂಸ ಸಾಕು. ಭುಜದ ಭಾಗ, ಅದರಲ್ಲೂ ಕುತ್ತಿಗೆ ಕಡೆಯ ನಡುನಡುವೆ ಕೊಬ್ಬಿನ ಗೆರೆ ಇರುವ ತುಂಡು ಕೇಳಿ. ಬೆನ್ನಿನ ಮಾಂಸ ನೋಡಲು ಚೆಂದ, ಬೇಯುವಷ್ಟರಲ್ಲಿ ಒಣಗಿ ಕಟ್ಟಿಗೆ. 4 ಸೆಂ.ಮೀ. ದಪ್ಪ, ಒಂದು ಗೇಣಿಗಿಂತ ತುಸು ಕಡಿಮೆ ಉದ್ದದ ಪಟ್ಟಿಗಳಾಗಿ ಕೊಯ್ಯಿರಿ. ತೆಳ್ಳಗೆ ಕೊಯ್ದರೆ ಮೇಲಿನ ಬಣ್ಣ ಬರುವಷ್ಟರಲ್ಲಿ ಒಳಗೆ ಒಣಗಿರುತ್ತದೆ.

ಮಸಾಲೆಗೆ: ಸಕ್ಕರೆ 3 ದೊಡ್ಡ ಚಮಚ, ತಿಳಿ ಸೋಯಾ ಸಾಸ್ 2, ಹೊಯ್ಸಿನ್ ಸಾಸ್ 2, ಆಯ್ಸ್ಟರ್ ಸಾಸ್ 1, ಶಾವೊಶಿಂಗ್ ಎಂಬ ಅಕ್ಕಿಯ ವೈನ್ 1, ಪಂಚ ಮಸಾಲೆ ಪುಡಿ ಅರ್ಧ ಸಣ್ಣ ಚಮಚ, ಬಿಳಿ ಮೆಣಸಿನ ಪುಡಿ ಚಿಟಿಕೆ, ಜಜ್ಜಿದ ಬೆಳ್ಳುಳ್ಳಿ 3 ಎಸಳು. ಕೆಂಪು ಹುದುಗಿದ ತೋಫು ಸಿಕ್ಕರೆ ಒಂದು ತುಂಡು ಕಿವುಚಿ ಹಾಕಬೇಕು. ವೈನ್ ಬೇಡವೆಂದವರು ಬಿಡಬಹುದು, ಮಸಾಲೆ ಕೆಡುವುದಿಲ್ಲ. ಪಂಚ ಮಸಾಲೆಯಲ್ಲಿ ಸಾಮಾನ್ಯವಾಗಿ ಇರುವುದು ಚಕ್ರಮೊಗ್ಗು, ಲವಂಗ, ಚೀನೀ ದಾಲ್ಚಿನ್ನಿ, ಸೋಂಪು ಮತ್ತು ಸಿಚುವಾನ್ ಮೆಣಸು. ಮೊದಲ ನಾಲ್ಕು ನಮ್ಮ ಡಬ್ಬಿಯಲ್ಲೇ ಇವೆ. ಐದನೆಯದು ಕೊಂಕಣ, ಗೋವಾದವರು ಮೀನಿನ ಸಾರಿಗೆ ಹಾಕುವ ತಿರಫಳದ ಹತ್ತಿರದ ಸಂಬಂಧಿ, ಕರಾವಳಿಯಲ್ಲಿ ಜುಮ್ಮನಕಾಯಿ ಎನ್ನುತ್ತಾರೆ. ನಾಲಿಗೆಗೆ ಜುಮ್ ಎನ್ನಿಸುವ ಗುಣ ಎರಡಕ್ಕೂ ಒಂದೇ.

ಎಲ್ಲ ಕಲಸಿ, ಎರಡು ಚಮಚ ಮಸಾಲೆ ಬೇರೆ ಬಟ್ಟಲಿಗೆ ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಮಾಂಸಕ್ಕೆ ಸವರಿ ಮುಚ್ಚಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಬೇಕು. ಒಂದು ತಾಸು ನೆನೆಸಿದರೂ ನಡೀತದ ಎನ್ನುವವರಿದ್ದಾರೆ. ನಡೆಯುತ್ತದೆ, ಆದರೆ ಒಳಗಿನ ಮಾಂಸ ಸಪ್ಪಗೆ. ಉಪ್ಪು ಒಳಗಿಳಿಯಲು ಹೊತ್ತು ಬೇಕು.

ಇನ್ನು ಬಣ್ಣದ ವಿಷಯ. ಚಾ ಸಿಯುವಿನ ಕೆಂಪು ಎಲ್ಲಿಂದ ಬರುತ್ತದೆ? ಹಳೆಯ ರೀತಿಯಲ್ಲಿ ಆ ಕೆಂಪು ತೋಫುವಿನಿಂದ. ಅದಕ್ಕೆ ಬಣ್ಣ ಕೊಡುವುದು ಮೊನಾಸ್ಕಸ್ ಎಂಬ ಬೂಷ್ಟು ಬೆಳೆಸಿದ ಕೆಂಪು ಅಕ್ಕಿ. ಇವತ್ತು ಬಹಳ ಅಂಗಡಿಗಳಲ್ಲಿ ಬಾಟಲಿ ಬಣ್ಣವೇ ಹೊಳೆಯುತ್ತದೆ. ಬಾಟಲಿ ಬಣ್ಣದ ಗದ್ದಲ ನಮಗೆ ಹೊಸದೇನಲ್ಲ. 2024ರ ಆರಂಭದಲ್ಲಿ ಗೋವಾದ ಮಾಪುಸಾ ಪುರಸಭೆ ಜಾತ್ರೆಯ ಅಂಗಡಿಗಳಲ್ಲಿ ಗೋಬಿ ಮಂಚೂರಿ ನಿಲ್ಲಿಸಿತು. ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿತು. ಮನೆಯಲ್ಲಿ ಮಾಡುವವರಿಗೆ ಬಣ್ಣದ ಹಂಗೇಕೆ? ಕೆಂಪು ತೋಫು ಸಿಗದಿದ್ದರೆ ಬಿಟ್ಟುಬಿಡಿ. ಕಂದು ಬಣ್ಣದ ಚಾ ಸಿಯು ಕೂಡ ಚಾ ಸಿಯುವೇ.

180ಕ್ಕೆ ಶುರು, 200ಕ್ಕೆ ಮುಕ್ತಾಯ

ಯಂತ್ರವನ್ನು ಐದು ನಿಮಿಷ ಖಾಲಿ ಕಾಯಿಸಿ. ಬುಟ್ಟಿಯ ಕೆಳಗಿನ ಡ್ರಾಯರ್‌ಗೆ ಎರಡು-ಮೂರು ಚಮಚ ನೀರು ಹಾಕಿದರೆ ಸೋರುವ ಕೊಬ್ಬು, ಸಕ್ಕರೆ ಸೀದು ಮನೆ ತುಂಬ ಹೊಗೆಯಾಗುವುದು ತಪ್ಪುತ್ತದೆ. ಪಟ್ಟಿಗಳ ಮಸಾಲೆ ಝಾಡಿಸಿ, ಒಂದಕ್ಕೊಂದು ತಾಗದಂತೆ ಇಟ್ಟು 180 ಡಿಗ್ರಿಯಲ್ಲಿ 10 ನಿಮಿಷ. ತಿರುವಿ ಮತ್ತೆ 8ರಿಂದ 10 ನಿಮಿಷ. ಬುಟ್ಟಿ ತುಂಬ ಒತ್ತಿ ತುಂಬುವುದು ಎಲ್ಲರೂ ಮಾಡುವ ಕೆಲಸ. ಗಾಳಿಗೆ ದಾರಿ ಇಲ್ಲದಿದ್ದರೆ ಅದು ಬರೀ ಬೇಯಿಸಿದ ಮಾಂಸ. ಎರಡು ಸಲ ಹಾಕಿ, ಅವಸರ ಏನೈತಿ?

ಆಮೇಲೆ ಪಾಕ. ಮೂಲದಲ್ಲಿ ಹಾಕುವುದು ಮಾಲ್ಟೋಸ್. ಮೊಳಕೆ ಬರಿಸಿದ ಧಾನ್ಯ ಮತ್ತು ಅಂಟಕ್ಕಿಯಿಂದ ತೆಗೆಯುವ ಗಟ್ಟಿ ಅಂಟು ಪಾಕ. ಚಮಚಕ್ಕೆ ಹತ್ತಿದರೆ ಬಿಡುವುದಿಲ್ಲ, ಬಿಸಿನೀರು ಬೇಕು. ಸಕ್ಕರೆಯಷ್ಟು ಸಿಹಿಯಿಲ್ಲ, ಆದರೆ ಹೊಳಪು ಅದರದ್ದೇ. ಇಲ್ಲಿ ಜೇನುತುಪ್ಪ ಸಾಕು. ಕೊಲ್ಹಾಪುರ ಕಡೆಯ ಕಾಕವಿ ಹಾಕಬಹುದಲ್ಲ ಎಂಬ ಯೋಚನೆ ಬರುವುದು ಸಹಜ. ಹಾಕಿದರೆ ಕಬ್ಬಿನ ವಾಸನೆಯೇ ಮುಂದಾಗಿ ಬೇರೆಯೇ ಒಂದು ತಿನಿಸಾಗುತ್ತದೆ. ಕೆಟ್ಟದ್ದಲ್ಲ, ಆದರೆ ಚಾ ಸಿಯು ಅಲ್ಲ.

ಎರಡು ಚಮಚ ಜೇನುತುಪ್ಪಕ್ಕೆ ತೆಗೆದಿಟ್ಟ ಮಸಾಲೆ ಸೇರಿಸಿ ಒಂದು ಕುದಿ ಬರಿಸಿ. ಹಸಿ ಮಾಂಸ ನೆನೆದಿದ್ದ ಬಟ್ಟಲಿನ ಮಸಾಲೆ ಮಾತ್ರ ಇದಕ್ಕೆ ಬೇಡ. ಬೆಂದ ಪಟ್ಟಿಗಳಿಗೆ ಸವರಿ 200 ಡಿಗ್ರಿಯಲ್ಲಿ 3 ನಿಮಿಷ, ತಿರುವಿ ಸವರಿ ಮತ್ತೆ 2 ನಿಮಿಷ. ಇಲ್ಲಿ ಯಂತ್ರ ಬಿಟ್ಟು ಕದಲಬಾರದು. ಜೇನಿನಲ್ಲಿರುವ ಫ್ರಕ್ಟೋಸ್ ಸಕ್ಕರೆ ಸುಮಾರು 110 ಡಿಗ್ರಿಗೇ ಕಂದಾಗತೊಡಗುತ್ತದೆ. ಪಾಕವನ್ನು ಮೊದಲೇ ಹಚ್ಚದೆ ಕೊನೆಗೆ ಹಚ್ಚುವುದು ಇದಕ್ಕಾಗಿಯೇ. ಮೊದಲೇ ಹಚ್ಚಿದರೆ ಹೊರಗೆ ಇದ್ದಿಲು, ಒಳಗೆ ಹಸಿ.

ಆ ಹಸಿ ಮಾಂಸದ್ದೇ ದೊಡ್ಡ ಮಾತು.

ಹಂದಿ ತಿನ್ನದವರಿಗೂ ಬರುವ ಹುಳ

ಹೊರಗಿನ ಬಣ್ಣ ನೋಡಿ ಒಳಗೆ ಬೆಂದಿದೆ ಎಂದುಕೊಳ್ಳುವುದು ಚಾ ಸಿಯುವಿನಲ್ಲಿ ಬಹಳ ಸುಲಭ, ಏಕೆಂದರೆ ಸಕ್ಕರೆ ಬೇಗ ಕಂದಾಗುತ್ತದೆ. ಹಂದಿ ಮಾಂಸದಲ್ಲಿ ಇರಬಹುದಾದ ಲಾಡಿಹುಳದ ಮರಿಗುಳ್ಳೆಗಳು ಅರೆಬೆಂದ ಮಾಂಸದ ಮೂಲಕ ಹೊಟ್ಟೆ ಸೇರಿದರೆ ಕರುಳಿನಲ್ಲಿ ಹುಳ ಬೆಳೆಯುತ್ತದೆ. ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಆ ಮನುಷ್ಯನ ಮಲದಲ್ಲಿ ಹುಳದ ಮೊಟ್ಟೆಗಳು ಹೊರಬರುತ್ತವೆ. ಕೈ ತೊಳೆಯದ ಅಡುಗೆಯವರಿಂದಲೋ, ಹೊಲಸು ನೀರು ಹಾಯಿಸಿದ ಕೊತ್ತಂಬರಿ-ಮೂಲಂಗಿಯಿಂದಲೋ ಆ ಮೊಟ್ಟೆಗಳು ಇನ್ನೊಬ್ಬರ ಹೊಟ್ಟೆಗೆ ಹೋದರೆ ಮರಿಗಳು ರಕ್ತದೊಂದಿಗೆ ಮಿದುಳಿಗೆ ಸೇರಿ ಗುಳ್ಳೆ ಕಟ್ಟುತ್ತವೆ. ಪರಿಣಾಮ ಫಿಟ್ಸ್.

ಅಂದರೆ ಜನ್ಮದಲ್ಲಿ ಹಂದಿ ಮಾಂಸ ಮುಟ್ಟದ ಮನೆಯ ಮಗುವಿಗೂ ಈ ರೋಗ ಬರಬಹುದು. ಈ ಹುಳದ ಕಾಟ ಹೆಚ್ಚಿರುವ ಹಲವು ಪ್ರದೇಶಗಳಲ್ಲಿ ಮೂರ್ಛೆ ರೋಗದ ಸುಮಾರು 30 ಶೇಕಡಾ ಪ್ರಕರಣಗಳಿಗೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಫಿಟ್ಸ್ ಬಂದವನ ಕೈಗೆ ಕಬ್ಬಿಣ ಹಿಡಿಸಿ, ಮೂಗಿಗೆ ಉಳ್ಳಾಗಡ್ಡಿ ಹಿಡಿದು ಕೂರುವ ಬದಲು ದವಾಖಾನೆಗೆ ಒಯ್ದು ಮಿದುಳಿನ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ, ಔಷಧಿಯೂ ಇದೆ.

ಹಂದಿಗೆ ಈ ಹುಳ ತಗಲುವುದು ಬಯಲು ಶೌಚದಿಂದ. ಊರ ಗಟಾರದಲ್ಲಿ ಅಡ್ಡಾಡುವ ಹಂದಿಯ ಮಾಂಸ ಬೇಡವೇ ಬೇಡ. ಕೊಟ್ಟಿಗೆಯಲ್ಲಿ ಕಟ್ಟಿ, ದಾಣಿ ಹಾಕಿ ಸಾಕಿದ ಹಂದಿಯದ್ದು ಎಂದು ಖಾತ್ರಿ ಇರುವ ಅಂಗಡಿಯಲ್ಲೇ ಕೊಳ್ಳಿ. ಕೊಯ್ಯುವಾಗ ಮಾಂಸದೊಳಗೆ ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ಎಸೆಯಿರಿ, ರೊಕ್ಕದ ಮುಖ ನೋಡಬೇಡಿ.

ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಹಂದಿಯ ಇಡೀ ತುಂಡುಗಳಿಗೆ ಒಳಗಿನ ತಾಪ 63 ಡಿಗ್ರಿ ಮುಟ್ಟಿ 3 ನಿಮಿಷ ಬಿಟ್ಟರೆ ಸಾಕು ಎಂದು ನಿಯಮ ಸಡಿಲಿಸಿತು. ಅದಕ್ಕೂ ಮುಂಚೆ 71 ಇತ್ತು. ಇಲ್ಲಿನ ಮಾಂಸಕ್ಕೆ ಹಳೆಯ 71 ಡಿಗ್ರಿಯೇ ಕ್ಷೇಮ. ಭುಜದ ಮಾಂಸದಲ್ಲಿ ಕೊಬ್ಬಿರುವುದರಿಂದ 75 ಮುಟ್ಟಿದರೂ ಒಣಗುವುದಿಲ್ಲ. ಕಡ್ಡಿಯಂಥ ಅಡುಗೆ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ದಪ್ಪ ಪಟ್ಟಿಯ ನಟ್ಟನಡುವೆ ಚುಚ್ಚಿ ನೋಡಬೇಕು. ಸಾವಿರಾರು ರೂಪಾಯಿಯ ಏರ್ ಫ್ರೈಯರ್ ಕೊಂಡವರಿಗೆ ಇದೇನು ಭಾರವಲ್ಲ.

ಇನ್ನೊಂದು ಹೆದರಿಕೆ ಮಾತ್ರ ಸುಮ್ಮನೆ. ಆಫ್ರಿಕನ್ ಹಂದಿ ಜ್ವರ 2018ರಲ್ಲಿ ಚೀನಾಕ್ಕೆ ಬಂತು. 2019ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನ ಕಸಾಯಿಖಾನೆಯೊಂದರಲ್ಲಿ ಪತ್ತೆಯಾಗಿ 6 ಸಾವಿರ ಹಂದಿಗಳನ್ನು ಕೊಲ್ಲಬೇಕಾಯ್ತು. 2022ರ ಜುಲೈನಲ್ಲಿ ನಮ್ಮ ವಯನಾಡಿನ ಮಾನಂತವಾಡಿ ಕಡೆಯ ಫಾರ್ಮ್‌ಗೂ ಬಂತು. ಸಾಕಿದವರ ಹೊಟ್ಟೆಯ ಮೇಲೆ ಹೊಡೆತ ಬಿದ್ದದ್ದು ನಿಜ, ಆದರೆ ಈ ಜ್ವರ ಮನುಷ್ಯರಿಗೆ ಅಂಟುವುದಿಲ್ಲ.

ನೀಲಗಿರಿಯ ಚೀನೀಯರು

ಚೀನೀ ಅಡುಗೆ ಎಂದೊಡನೆ ನಮಗೆ ನೆನಪಾಗುವುದು ಚೌಕದ ‘ಚೈನೀಸ್ ಗಾಡಿ’. ಅದರ ಬೇರು ಕೋಲ್ಕತ್ತಾದಲ್ಲಿ. ಅಲ್ಲಿ ಚರ್ಮ ಹದ ಮಾಡುವ ಹಕ್ಕಾ ಜನ, ಬಡಗಿ ಕೆಲಸದ ಕ್ಯಾಂಟೋನೀಸ್ ಜನ ನೆಲೆಸಿದ್ದರು. ಆದರೆ ಗಡಿ ಕನ್ನಡಿಗರ ನೆರೆಯಲ್ಲೂ ಚೀನೀಯರು ಇದ್ದರೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಮಲಯ ಕಡೆಯಿಂದ ಚೀನೀ ಕೈದಿಗಳನ್ನು ನೀಲಗಿರಿಯ ಜೈಲಿಗೆ ತಂದಿದ್ದರು. ಬಿಡುಗಡೆಯಾದ ಕೆಲವರು ನಡುವಟ್ಟಂ-ಗೂಡಲೂರು ನಡುವಿನ ಇಳಿಜಾರಿನಲ್ಲಿ ನೆಲೆಸಿ, ತಮಿಳು ಹೆಂಗಸರನ್ನು ಮದುವೆಯಾಗಿ, ತರಕಾರಿ, ಕಾಫಿ ಬೆಳೆದು, ದನ ಸಾಕಿ ಬದುಕಿದರು. ಎಡ್ಗರ್ ಥರ್ಸ್ಟನ್ 1909ರ ತನ್ನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಇವರನ್ನು ದಾಖಲಿಸಿದ್ದಾನೆ.

ಹಂದಿ ಮಾಂಸದ ರುಚಿಯಲ್ಲಿ ನಾವೂ ಹಿಂದಿಲ್ಲ. ಕೊಡಗಿನ ಪಂದಿ ಕರಿಗೆ ಕಾಚಂಪುಳಿಯ ಹುಳಿ, ಗೋವಾದ ಸೊರ್ಪೊತೆಲ್‌ಗೆ ವಿನೆಗರ್. ಎರಡೂ ಕೊಬ್ಬನ್ನು ಹುಳಿಯಿಂದ ಕತ್ತರಿಸುವ ದಾರಿ. ಕ್ಯಾಂಟೋನೀಸರು ಸಿಹಿ ಮತ್ತು ಸೀದ ಕಹಿಯಿಂದ ಅದೇ ಕೆಲಸ ಮಾಡುತ್ತಾರೆ.

ಹಂದಿ ಒಲ್ಲದವರು ಕೋಳಿಯ ತೊಡೆ ಮಾಂಸಕ್ಕೆ ಇದೇ ಮಸಾಲೆ ಹಾಕಬಹುದು. 180 ಡಿಗ್ರಿಯಲ್ಲಿ ಒಟ್ಟು 14-15 ನಿಮಿಷ, ಆಮೇಲೆ ಪಾಕ. ಒಳಗಿನ ತಾಪ 74 ಮುಟ್ಟಬೇಕು. ಪೂರ್ತಿ ಶಾಕಾಹಾರಿಗಳಿಗೂ ದಾರಿಯಿದೆ ಎಂಬುದೇ ಸೋಜಿಗ! ಹಾಂಗ್‌ಕಾಂಗ್‌ನ ಬೌದ್ಧ ಸಸ್ಯಾಹಾರಿ ಅಂಗಡಿಗಳಲ್ಲಿ ‘ಝಾಯ್ ಚಾ ಸಿಯು’ ಸಿಗುತ್ತದೆ, ಅದು ಗೋಧಿಯದ್ದು. ನಮ್ಮ ಹೆಂಗಸರು ಬ್ಯಾಸಿಗ್ಯಾಗ ಕುರಡಗಿ ಮಾಡುವಾಗ ಗೋಧಿಯ ಹಾಲು ಇಟ್ಟುಕೊಂಡು ಚೊತ್ತಾ ದನಕ್ಕೆ ಹಾಕುತ್ತಾರೆ. ಅವರದು ಉಲ್ಟಾ. ಕಣಕವನ್ನು ನೀರಲ್ಲಿ ತೊಳೆತೊಳೆದು ಹಾಲು ಚೆಲ್ಲಿ, ಉಳಿದ ರಬ್ಬರಿನಂಥ ಅಂಟನ್ನು ಮಸಾಲೆ ಹಾಕಿ ಬೇಯಿಸುತ್ತಾರೆ. ಆಯ್ಸ್ಟರ್ ಸಾಸ್ ಬದಲು ಅಣಬೆಯ ಸಾಸ್ ಹಾಕಿದರೆ ಆಯ್ತು.

ಬೆಂದ ಪಟ್ಟಿಗಳನ್ನು ಹೊರತೆಗೆದ ಕೂಡಲೇ ಕೊಯ್ಯಬಾರದು, ರಸವೆಲ್ಲ ಹಲಗೆಗೆ ಹೋಗುತ್ತದೆ. ಹತ್ತು ನಿಮಿಷ ಬಿಟ್ಟು, ಎಳೆಗೆ ಅಡ್ಡಲಾಗಿ ಅರ್ಧ ಬೆರಳು ದಪ್ಪ ಕೊಯ್ದು ಅನ್ನದ ಮೇಲಿಡಿ. ಜೊತೆಗೊಂದು ಅರೆಬೆಂದ ಮೊಟ್ಟೆ ಇಟ್ಟರೆ 1996ರ ಸ್ಟೀಫನ್ ಚೌ ಸಿನಿಮಾ ‘ಗಾಡ್ ಆಫ್ ಕುಕರಿ’ಯಲ್ಲಿ ತೀರ್ಪುಗಾರ್ತಿಯ ಕಣ್ಣಲ್ಲಿ ನೀರು ತರಿಸಿದ ಅನ್ನದ ತಟ್ಟೆಯೇ ಆಯಿತು. ಉಳಿದದ್ದು ಫ್ರಿಜ್‌ನಲ್ಲಿ ಮೂರು ದಿನ ತಾಳುತ್ತದೆ. ಸಣ್ಣಗೆ ಹೆಚ್ಚಿ ತಂಗಳನ್ನ, ಉಳ್ಳಾಗಡ್ಡಿ ತಪ್ಪಲಿನ ಜೊತೆ ಹುರಿದರೆ ಮರುದಿನದ ಡಬ್ಬಿಗಾಯಿತು. ಬುಟ್ಟಿ ಬಿಸಿಯಿರುವಾಗಲೇ ಬಿಸಿನೀರು, ಸೋಪಿನಲ್ಲಿ ನೆನೆಹಾಕುವುದನ್ನು ಮರೆಯಬೇಡಿ. ಆರಿದ ಪಾಕ ಕಲ್ಲಾಗುತ್ತದೆ, ತಂತಿ ಬ್ರಶ್ಶಿನಿಂದ ತಿಕ್ಕಿದರೆ ಬುಟ್ಟಿಯ ಲೇಪವೂ ಕಿತ್ತು ಬರುತ್ತದೆ.